ಬಣ್ಣ ಎದ್ದ ಮಾತ್ರಕ್ಕೆ ಬ್ಯಾಟು ಕೆಡಲಿಲ್ಲ!

ಶಿರಸಿ: ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಮಳೆ ಹಿಡಿಯಿತೆಂದರೆ ವಾಲಿಬಾಲ್ ಅಂಗಳಗಳೆಲ್ಲ ಕೆಸರುಗದ್ದೆ. ಆಮೇಲೆ ಹುಡುಗರಿಗೆ ಉಳಿಯುವುದು ಸೂರಿನಡಿಯ ಶಟಲ್ ಆಟ. ಆದರೆ ಈ ಆಟದ ಬ್ಯಾಟಿನ ಬೆಲೆ ಈಗ ಮನೆ ಯಜಮಾನರ ನಿದ್ದೆ ಕೆಡಿಸುವ ಮಟ್ಟಕ್ಕೆ ಏರಿದೆ. ಮೇಲ್ದರ್ಜೆಯದು ಬೇಕೆಂದರೆ 15 ಸಾವಿರ ರೂಪಾಯಿ ದಾಟುವುದೂ ಉಂಟು. ಅಷ್ಟು ಕೊಟ್ಟು ತಂದ ಬ್ಯಾಟಿನ ತಲೆಯಲ್ಲಿ ತಿಂಗಳೊಪ್ಪತ್ತಿನೊಳಗೆ ಬಣ್ಣ ಎದ್ದು ಕಪ್ಪು ಕಂಡರೆ ಮನೆಯಲ್ಲಿ ಪಂಚಾಯ್ತಿ ಶುರು.

"ತಮಾ, ಇಷ್ಟು ದುಡ್ಡು ಕೊಟ್ಟದ್ದು ಬಣ್ಣ ಎದ್ದೋತಲಾ?" ಎಂದು ಅಪ್ಪಯ್ಯ ಕೇಳಿದರೆ, "ಬಣ್ಣ ಹೋದ್ರೆ ಎಂತೂ ಆಗ್ತಿಲ್ಲೆ ಅಪ್ಪಯ್ಯ" ಎಂದು ಮಗನ ಉತ್ತರ. ಇಬ್ಬರ ಮಾತಿನಲ್ಲೂ ಅರ್ಧರ್ಧ ಸತ್ಯವಿದೆ.

ಮರ ಹೋಗಿ ಕಾರ್ಬನ್ ಬಂತು

1980ರ ಮಾರ್ಚ್‌ನಲ್ಲಿ ಪ್ರಕಾಶ್ ಪಡುಕೋಣೆ ಇಂಡೋನೇಷ್ಯಾದ ಲೀಮ್ ಸ್ವೀ ಕಿಂಗ್ ಅವರನ್ನು 15-3, 15-10ರಿಂದ ಮಣಿಸಿ ಆಲ್ ಇಂಗ್ಲೆಂಡ್ ಪ್ರಶಸ್ತಿ ತಂದರು. ಬೆಂಗಳೂರಿನ ಮಲ್ಲೇಶ್ವರದ ಕೆನರಾ ಯೂನಿಯನ್ ಸಭಾಂಗಣದಲ್ಲಿ, ಮದುವೆ ಇಲ್ಲದ ದಿನ ನೋಡಿ ಆಡಿ ಬೆಳೆದವರು ಅವರು. ಮರದ ಬ್ಯಾಟಿನ ಕಾಲದಲ್ಲಿ ಮಳೆಗಾಲದ ಥಂಡಿಗೆ ಚೌಕಟ್ಟು ಸೊಟ್ಟಗಾಗುತ್ತಿತ್ತು. ಅದಕ್ಕೇ ನಾಲ್ಕು ಮೂಲೆಗೆ ತಿರುಪು ಇರುವ ಪ್ರೆಸ್ಸಿನಲ್ಲಿ ಬಿಗಿದಿಡುವ ರೂಢಿ.

ಈಗಿನ ಮೇಲ್ದರ್ಜೆಯ ಬ್ಯಾಟಿನ ಚೌಕಟ್ಟು ಕಾರ್ಬನ್ ನಾರಿನದು. ನಾರಿನ ಹಾಳೆಗೆ ಅಂಟು ಕುಡಿಸಿ, ಅಚ್ಚಿನಲ್ಲಿಟ್ಟು ಕಾಯಿಸಿ ಗಟ್ಟಿ ಮಾಡುತ್ತಾರೆ. ಆಮೇಲೆ ಉಜ್ಜಿ, ಬಣ್ಣ ಹೊಡೆದು, ಹೆಸರಿನ ಚಿತ್ರ ಅಂಟಿಸಿ, ಮೇಲೆ ಹೊಳಪಿನ ಪದರ ಬಳಿಯುತ್ತಾರೆ. ಈ ಬಣ್ಣ ಗೀರು ತಡೆಯುವ ತೆಳು ಹೊದಿಕೆ ಅಷ್ಟೇ. ಬ್ಯಾಟಿನ ಬಲ ಇರುವುದು ಅದರಡಿಯ ನಾರಿನಲ್ಲಿ. ನೆಲಕ್ಕೆ ತಾಗಿ ಬಣ್ಣ ಚಕ್ಕೆ ಎದ್ದರೆ ಅಂದ ಕೆಟ್ಟೀತು, ಆಟ ಕೆಡದು. ಅಲ್ಲಿಗೆ ಮಗನ ಮಾತು ಸರಿ.

ದುಬಾರಿ ಎಂದರೆ ಗಟ್ಟಿ ಎಂದಲ್ಲ

ಆದರೆ ಬಣ್ಣದಡಿ ಬಿರುಕು ಬಿಟ್ಟಿದ್ದರೆ? ಆಗ ಅಪ್ಪಯ್ಯನ ಮಾತೇ ಸರಿ. ಬೆಲೆ ಜಾಸ್ತಿ ಕೊಟ್ಟರೆ ಜಾಸ್ತಿ ಬಾಳಿಕೆ ಬರುತ್ತದೆಂಬ ಲೆಕ್ಕ ಇಲ್ಲಿ ನಡೆಯದು. ಜನ ಹಣ ಕೊಡುವುದು ಹಗುರಕ್ಕೆ, ಬೀಸಿನ ಚುರುಕಿಗೆ. ಇಂಥ ಬ್ಯಾಟುಗಳ ತೂಕ ಬಹುತೇಕ 80ರಿಂದ 90 ಗ್ರಾಂ ಒಳಗೆ. ಡಬಲ್ಸ್ ಆಟದಲ್ಲಿ ಜೊತೆಗಾರನ ಬ್ಯಾಟಿಗೆ ಬ್ಯಾಟು ಬಡಿದರೆ ತೆಳು ಚೌಕಟ್ಟು ತಡೆಯುವುದು ಕಷ್ಟ. ಹಾಗೆ ಒಡೆದದ್ದಕ್ಕೆ ಸಾಮಾನ್ಯವಾಗಿ ಗ್ಯಾರಂಟಿಯೂ ಇಲ್ಲ.

ಪರೀಕ್ಷೆ ಸುಲಭ. ಎದ್ದ ಜಾಗದ ಮೇಲೆ ಉಗುರು ಎಳೆದು ನೋಡಬೇಕು. ಬಣ್ಣದ ಅಂಚು ಮಾತ್ರ ತಾಗಿದರೆ ಚಿಂತೆಯಿಲ್ಲ. ಗೆರೆ ಚೌಕಟ್ಟನ್ನು ಸುತ್ತಿ ಆಚೆ ಬದಿಗೂ ಹೋಗಿದ್ದರೆ, ಹೆಬ್ಬೆರಳಲ್ಲಿ ಒತ್ತಿದಾಗ ತಗ್ಗಿದರೆ, ಚಟಚಟ ಸದ್ದು ಬಂದರೆ ಅದು ಬಿರುಕು. ತಂತಿ ತೂರುವ ತೂತುಗಳ ಸುತ್ತ ವಿಶೇಷವಾಗಿ ನೋಡಬೇಕು. ಬಿರುಕಿದ್ದ ಬ್ಯಾಟು ಗಟ್ಟಿಂಗ್ ಹಾಕುವಾಗ ಯಂತ್ರದ ಮೇಲೇ ಮುರಿದೀತು. ಆಗ ಗಟ್ಟಿಂಗ್ ಹಾಕುವವನ ಮೇಲೆ ಜಗಳಕ್ಕೆ ಹೋಗುವುದು ನ್ಯಾಯವಲ್ಲ. ಸೆಕೆಂಡ್‌ಹ್ಯಾಂಡ್ ಕೊಳ್ಳುವವರಂತೂ ಹೊಸದಾಗಿ ಬಣ್ಣ ಬಳಿದು ಫಳಫಳ ಹೊಳೆಯುವ ಬ್ಯಾಟನ್ನೇ ಮೊದಲು ಅನುಮಾನಿಸಬೇಕು. ಬಣ್ಣ ಬಿರುಕನ್ನೂ ಮುಚ್ಚುತ್ತದೆ!

ಬಚ್ಚಲ ಒಲೆಯ ಹತ್ತಿರ ಬೇಡ

ಕಾರ್ಬನ್ ಮಳೆಗೆ ಉಬ್ಬುವುದಿಲ್ಲ, ತುಕ್ಕು ಹಿಡಿಯುವುದಿಲ್ಲ. ಆದರೆ ಗ್ರಿಪ್ ಒಳಗಿನ ಹಿಡಿ ಇಂದಿಗೂ ಸಾಮಾನ್ಯವಾಗಿ ಮರದ್ದೇ. ಬೆವರು ಹೀರಿದ ಗ್ರಿಪ್ ಆಷಾಢದಲ್ಲಿ ಚೀಲದೊಳಗೇ ಉಳಿದರೆ ಬೂಸ್ಟು ಬರುತ್ತದೆ, ಮರ ಮೆತ್ತಗಾಗುತ್ತದೆ. ಆಟ ಮುಗಿದ ಮೇಲೆ ಒರೆಸಿ, ಗಾಳಿಯಾಡುವ ಕಡೆ ತೂಗಿಹಾಕಬೇಕು. ಬೇಗ ಒಣಗಲೆಂದು ಬಚ್ಚಲ ಒಲೆಯ ಹತ್ತಿರವೋ ಒಲೆ ಮೇಲಿನ ಅಟ್ಟದಲ್ಲೋ ಇಡಬಾರದು. ಅತಿ ಬಿಸಿಗೆ ನಾರನ್ನು ಹಿಡಿದ ಅಂಟೇ ಸಡಿಲವಾದೀತು. ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೂ ಇದೇ ಅಪಾಯ. ಗಟ್ಟಿಂಗಿಗೆಂದು ಹುಬ್ಬಳ್ಳಿ ಬಸ್ಸಿನಲ್ಲಿ ಕಳಿಸುವವರು ಇಂಜಿನ್ ಪಕ್ಕ ಇಡದಂತೆ ಹೇಳಿಯೇ ಕೊಡುವುದು ಲೇಸು.

ಒಂದು ತಂತಿ ಹರಿದರೆ ಉಳಿದದ್ದನ್ನೂ ಕೂಡಲೇ ನಡುವಿನಿಂದ ಹೊರಕ್ಕೆ ಕತ್ತರಿಸಬೇಕು. ಹಾಗೇ ಬಿಟ್ಟರೆ ಎಳೆತ ಒಂದೇ ಕಡೆ ಬಿದ್ದು ಚೌಕಟ್ಟು ಸೊಟ್ಟಗಾಗುತ್ತದೆ. ದೊಡ್ಡ ಆಟಗಾರರನ್ನು ನೋಡಿ 28-30 ಪೌಂಡಿಗೆ ಬಿಗಿಸುವ ಹುಚ್ಚೂ ಬೇಡ. ಎಷ್ಟು ಪೌಂಡು ತಡೆಯುತ್ತದೆಂದು ಬ್ಯಾಟಿನ ಮೇಲೇ ಬರೆದಿರುತ್ತದೆ.

ಎದ್ದ ಬಣ್ಣಕ್ಕೆ ಉಗುರಿಗೆ ಹಚ್ಚುವ ಪಾಲಿಶ್ ಒಂದು ಹನಿ ಸಾಕು. ಬಿರುಕಿಗೆ ಮಾತ್ರ ಯಾವ ಪಾಲಿಶೂ ಇಲ್ಲ. ಕಲಿಯುವ ಹುಡುಗನಿಗೆ 15 ಸಾವಿರದ ಬ್ಯಾಟು ಕೊಡಿಸುವ ಬದಲು ಎರಡು ಸಾಧಾರಣ ಬ್ಯಾಟು ಕೊಡಿಸಿ, ಮಿಕ್ಕ ದುಡ್ಡಿನಲ್ಲಿ ಶಟಲ್ ತಂದರೆ ಆಟವೂ ಸುಧಾರಿಸೀತು, ಮನೆಯ ಪಂಚಾಯ್ತಿಯೂ ತಪ್ಪೀತು.