ಹೊಗೆಯೇ ಒತ್ತುವ ತಿದಿ

ಚನ್ನಗಿರಿ ಸೀಮೆಯ ಬಸವಾಪಟ್ಟಣದ ಹತ್ತಿರ ಒಂದು ಅಡಿಕೆ ತೋಟ. ರಾತ್ರಿ ಹತ್ತು ದಾಟಿದೆ, ಬೋರ್ ಕೊರೆಯುತ್ತಿದ್ದಾರೆ. ತಮಿಳುನಾಡು ನಂಬರಿನ ಲಾರಿಯ ಅಬ್ಬರಕ್ಕೆ ನೆಲವೇ ನಡುಗುತ್ತಿದೆ, ಕಲ್ಲುಪುಡಿ ಎದ್ದು ಅಡಿಕೆ ಸೋಗೆಯೆಲ್ಲ ಬೆಳ್ಳಗಾಗಿದೆ. ತೋಟದವರ ಕಣ್ಣು ಕೇಸಿಂಗ್ ಪೈಪಿನ ಬಾಯಿಯ ಮೇಲೆ. ನನ್ನ ಕಿವಿ ಮಾತ್ರ ಇಂಜಿನ್ನಿನ ಗುಡುಗಿನೊಳಗಿಂದ ಬರುತ್ತಿದ್ದ ಸಣ್ಣದೊಂದು ಸಿಳ್ಳಿನ ಹಿಂದೆ ಬಿದ್ದಿತ್ತು.

"ಅದಾ ಸಾರ್? ಟರ್ಬೊ," ಅಂದ ಆಪರೇಟರ್.

ಆ ಸಿಳ್ಳಿನ ಗುಟ್ಟು ತಿಳಿದ ಮೇಲೆ ನನಗೆ ನೀರಿನ ಚಿಂತೆಯೇ ಮರೆತುಹೋಯಿತು! ಒಂದು ಲೀಟರ್ ಡೀಸೆಲ್ ಪೂರ್ತಿ ಉರಿಯಲು ಏನಿಲ್ಲವೆಂದರೂ 10,000 ಲೀಟರ್ ಗಾಳಿ ಬೇಕು. ಔಷಧಿ ಹೊಡೆಯುವ 16 ಲೀಟರಿನ ಕ್ಯಾನಿನಲ್ಲಿ ಅಳೆದರೆ 600ಕ್ಕೂ ಹೆಚ್ಚು ಕ್ಯಾನು! ಡೀಸೆಲ್ ಎಷ್ಟು ಬೇಕಾದರೂ ಸುರಿಯಬಹುದು, ಉರಿಸಲು ಗಾಳಿ ಸಾಲಬೇಕಲ್ಲ. ಆ ಗಾಳಿಯನ್ನು ಒತ್ತಿ ತುಂಬುವುದೇ ಸೂಪರ್‌ಚಾರ್ಜಿಂಗ್. ಇಂಜಿನ್ನಿನ ಬೆಲ್ಟಿನಿಂದ ತಿರುಗುವ ಸೂಪರ್‌ಚಾರ್ಜರ್ ದುಡಿದದ್ದರಲ್ಲಿ ಒಂದು ಪಾಲನ್ನು ತಾನೇ ಕೂಲಿಯಾಗಿ ತಿನ್ನುತ್ತದೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಪೇಟೆಂಟ್ ಪಡೆದ ಉಪಾಯ ನೋಡಿ: ದಂಡವಾಗಿ ಹೋಗುವ ಹೊಗೆಯಿಂದಲೇ ಒಂದು ಚಕ್ರ ತಿರುಗಬೇಕು, ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರ ಗಾಳಿ ಒತ್ತಬೇಕು. ಇದೇ ಟರ್ಬೊ, ಕಮ್ಮಾರನ ಕುಲುಮೆಯಲ್ಲಿ ಹೊಗೆಯೇ ಕೂತು ತಿದಿ ಒತ್ತಿದ ಹಾಗೆ! 1918ರಲ್ಲಿ ಸ್ಯಾನ್‌ಫರ್ಡ್ ಮಾಸ್ ಎಂಬ ಇಂಜಿನಿಯರ್ ಅಮೆರಿಕದ ಪೈಕ್ಸ್ ಪೀಕ್ ಬೆಟ್ಟದ ನೆತ್ತಿಗೆ, 14,000 ಅಡಿಗೂ ಮೇಲಕ್ಕೆ, ವಿಮಾನದ ಇಂಜಿನ್ ಒಯ್ದ. ತೆಳುಗಾಳಿಯಲ್ಲಿ ಏದುಸಿರು ಬಿಡುತ್ತಿದ್ದ ಇಂಜಿನ್, ಟರ್ಬೊ ಸೇರಿಸಿದ್ದೇ ತಡ, ಸಮುದ್ರಮಟ್ಟದ ಬಲವನ್ನೇ ಕೊಟ್ಟಿತು.

ಇನ್ನೊಂದು ಸೋಜಿಗವೂ ಅದೇ ಲಾರಿಯ ಮೇಲಿತ್ತು. ನೆಲದೊಳಗೆ ಹ್ಯಾಮರ್ ಬಡಿಯುವ ಗಾಳಿ ಬರುವುದು ಸ್ಕ್ರೂ ಕಂಪ್ರೆಸರಿನಿಂದ, ಅಂದರೆ ಒಂದರೊಳಗೊಂದು ಹೆಣೆದುಕೊಂಡು ತಿರುಗುವ ಎರಡು ಸ್ಕ್ರೂಗಳಿಂದ. 1930ರ ದಶಕದಲ್ಲಿ ಸ್ವೀಡನ್ನಿನ ಆಲ್ಫ್ ಲಿಸ್‌ಹೋಮ್ ರೂಪಿಸಿದ ಈ ಜೋಡಿಯನ್ನೇ ಮುಂದೆ ಕಾರುಗಳಿಗೆ ಸೂಪರ್‌ಚಾರ್ಜರ್ ಮಾಡಿ ಕೂರಿಸಿದರು. ಅಣ್ಣ ಓಟದ ಕಾರಿಗೆ, ತಮ್ಮ ಚನ್ನಗಿರಿ ಸೀಮೆಯ ಬೋರಿಗೆ!

ಸರಿ, ಹೀಗೆ ಗಾಳಿ ತುರುಕಿದರೆ ಇಂಜಿನ್ ಬೇಗ ಸವೆಯುವುದಿಲ್ಲವೇ? "ಟರ್ಬೊ ಇದ್ರೆ ಬಾಳಿಕೆ ಕಮ್ಮಿ" ಎಂಬ ಮಾತನ್ನು ಟ್ರ್ಯಾಕ್ಟರ್ ಇರುವ ಮನೆಗಳಲ್ಲಿ ಕೇಳಿದ್ದೇನೆ. ಪೂರ್ತಿ ಸುಳ್ಳಲ್ಲ. ಪಿಸ್ಟನ್, ರಿಂಗು, ಬೇರಿಂಗು, ಹೆಡ್ ಗ್ಯಾಸ್ಕೆಟ್ ಎಲ್ಲಕ್ಕೂ ಹೊರೆ ಹೆಚ್ಚುತ್ತದೆ. ಹಳೆಯ ಪೆಟ್ರೋಲ್ ಇಂಜಿನ್ನಿಗೆ ಹೊರಗಿನಿಂದ ಟರ್ಬೊ ತಂದು ಕಟ್ಟಿದರಂತೂ ನಾಕಿಂಗ್ (ಇಂಧನ ತಾನಾಗಿಯೇ ಸಿಡಿಯುವ ಕಾಟ) ಹಿಡಿದು ಪಿಸ್ಟನ್ನೇ ತೂತಾಗಬಹುದು. ಆದರೆ ಟರ್ಬೊಗೆಂದೇ ಕಟ್ಟಿದ ಡೀಸೆಲ್ ಇಂಜಿನ್ ಗಟ್ಟಿಪಿಂಡ. ಪಿಸ್ಟನ್ನಿನ ಅಡಿಗೆ ಆಯಿಲ್ ಚಿಮ್ಮಿಸಿ ತಂಪಾಗಿಡುತ್ತಾರೆ, ಒತ್ತಿ ಬಿಸಿಯಾದ ಗಾಳಿಯನ್ನು ಇಂಟರ್‌ಕೂಲರಿನಲ್ಲಿ ಆರಿಸಿ ಒಳಗೆ ಬಿಡುತ್ತಾರೆ. ಅಂಥದ್ದನ್ನೂ ತಿಂದುಹಾಕುವುದು ಧೂಳು. ಏರ್ ಫಿಲ್ಟರ್ ದಾಟಿ ಬಂದ ಕಲ್ಲುಪುಡಿ ಟರ್ಬೊ ಚಕ್ರದ ಅಲಗನ್ನೂ ಸಿಲಿಂಡರನ್ನೂ ಉಪ್ಪುಕಾಗದದಂತೆ ಉಜ್ಜುತ್ತದೆ.

ಧೂಳಿನಷ್ಟೇ ಕೆಟ್ಟದ್ದು ಅವಸರ. ನಿಮಿಷಕ್ಕೆ 1 ಲಕ್ಷ ಸುತ್ತಿನವರೆಗೂ ತಿರುಗಬಲ್ಲ ಟರ್ಬೊದ ಅಚ್ಚು ತೇಲುವುದು ಕೂದಲೆಳೆಯಂಥ ಆಯಿಲ್ ಪದರದ ಮೇಲೆ! ಭಾರ ಎಳೆದ ಕೂಡಲೇ ಇಂಜಿನ್ ಆಫ್ ಮಾಡಿದರೆ ಆಯಿಲ್ ನಿಲ್ಲುತ್ತದೆ, ಚಕ್ರ ನಿಲ್ಲುವುದಿಲ್ಲ. ಕಾದ ಗೂಡಿನಲ್ಲಿ ಉಳಿದ ಆಯಿಲ್ ಸೀದು ಕರಿ ಕಟ್ಟುತ್ತದೆ.

ನಡುರಾತ್ರಿಗೆ ಕೊರೆಯುವುದು ಮುಗಿಯಿತು. ಆಪರೇಟರ್ ಇಂಜಿನ್ ನಿಲ್ಲಿಸಲಿಲ್ಲ, ಸುಮ್ಮನೆ ಕಾಯುತ್ತ ಕೂತ. "ಡೀಸೆಲ್ ಯಾಕಪ್ಪಾ ದಂಡ ಮಾಡ್ತೀಯ?" ಎಂದು ಯಾರೋ ರೇಗಿದರು. ನಿಮ್ಮ ಮನೆಯ ಟ್ರ್ಯಾಕ್ಟರಿಗೂ ಟರ್ಬೊ ಇದ್ದರೆ ನೀವೂ ಹಾಗೇ ಮಾಡಿ: ಲೋಡ್ ಎಳೆದು ಬಂದ ಮೇಲೆ ಎರಡು ಮೂರು ನಿಮಿಷ ಸ್ಲೋನಲ್ಲಿ ಓಡಲು ಬಿಟ್ಟು, ಆಮೇಲೆ ಕೀ ತೆಗೆಯಿರಿ.