ಆಕಾಶದ ಪಡಿಯಚ್ಚು: ಶ್ರೀನಿವಾಸ ಕುಲಕರ್ಣಿಯವರ ಸಂಶೋಧನೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಸೀಮೆಯ ಶಾಸನಗಳನ್ನು ಪರಿಶೀಲಿಸುವಾಗ ನಾವು 1904ರ ‘ಎಪಿಗ್ರಾಫಿಯ ಕರ್ನಾಟಿಕ’ದ ತುಮಕೂರು ಸಂಪುಟದ ಪಾಠವನ್ನು ಕಲ್ಲಿನೊಡನೆ ಹೋಲಿಸುತ್ತೇವೆ. ಅಂದಿನ ಪಾಠ ಉಳಿದಿರುವುದರಿಂದಲೇ ಇಂದು ಅಳಿದುದೇನೆಂಬುದು ತಿಳಿಯುತ್ತದೆ. ಖಗೋಳಶಾಸ್ತ್ರದಲ್ಲಿಯೂ ಇದೇ ಕ್ರಮವಿದೆಯೆಂಬುದಕ್ಕೆ ಹುಬ್ಬಳ್ಳಿಯಲ್ಲಿ ಬೆಳೆದ ಶ್ರೀನಿವಾಸ ಕುಲಕರ್ಣಿಯವರ ಸಂಶೋಧನೆ ನಿದರ್ಶನವಾಗಿದೆ.

ಗಾಮಾಕಿರಣ ಸ್ಫೋಟವೊಂದು ನಮ್ಮ ಆಕಾಶಗಂಗೆಯಿಂದಾಚೆ, ಶತಕೋಟಿಗಟ್ಟಲೆ ಜ್ಯೋತಿರ್ವರ್ಷಗಳ ದೂರದಲ್ಲಿ ಸಂಭವಿಸಿತೆಂದು 1997ರಲ್ಲಿ ತೋರಿಸಿದ ತಂಡದಲ್ಲಿ ಅವರಿದ್ದರು. ಇಂತಹ ಕ್ಷಣಿಕ ಬೆಳಕು ಎಲ್ಲಿ, ಯಾವಾಗ ಹೊಳೆಯುವುದೆಂದು ಮುಂಚಿತವಾಗಿ ತಿಳಿಯದು. ಆದಕಾರಣ ವಿಶಾಲವಾದ ಆಕಾಶವನ್ನು ಮತ್ತೆ ಮತ್ತೆ ಚಿತ್ರಿಸುವ ಕ್ಯಾಮೆರಾ ಅವಶ್ಯವಾಯಿತು.

ಕ್ಯಾಲಿಫೋರ್ನಿಯದ ಪಾಲೊಮಾರ್ ಬೆಟ್ಟದ 48 ಅಂಗುಲದ ದೂರದರ್ಶಕವು 1949ರಿಂದ ಗಾಜಿನ ಫಲಕಗಳ ಮೇಲೆ ಆಕಾಶವನ್ನು ದಾಖಲಿಸಿತ್ತು. ಅದಕ್ಕೇ 2017ರಲ್ಲಿ, ಕುಲಕರ್ಣಿಯವರ ನೇತೃತ್ವದ ಜ್ವಿಕಿ ಸಮೀಕ್ಷೆಗಾಗಿ, 16 ಸಿಸಿಡಿ ಬೆಳಕುಗ್ರಾಹಿಗಳುಳ್ಳ ಕ್ಯಾಮೆರಾವನ್ನು ಅಳವಡಿಸಲಾಯಿತು. ಅದರ ಒಂದೊಂದು ಚಿತ್ರವೂ 47 ಚದರ ಡಿಗ್ರಿಗಳನ್ನು, ಎಂದರೆ 200ಕ್ಕೂ ಹೆಚ್ಚು ಪೂರ್ಣಚಂದ್ರರಷ್ಟು ವಿಸ್ತಾರವನ್ನು, ಒಳಗೊಳ್ಳುತ್ತದೆ. ಹೊಸ ಚಿತ್ರದಿಂದ ಹಳೆಯದನ್ನು ಕಳೆದರೆ ಬದಲಾದುದು ಮಾತ್ರ ಉಳಿಯುತ್ತದೆ: ದೂರದ ಗೆಲಾಕ್ಸಿಯಲ್ಲಿ ಸಿಡಿದ ತಾರೆ, ಸ್ಥಳ ಬದಲಿಸಿದ ಕ್ಷುದ್ರಗ್ರಹ. 2024ರಲ್ಲಿ ಅವರಿಗೆ ಶಾ ಪ್ರಶಸ್ತಿ ಸಂದಿತು.

ಸಿದ್ಧಾಂತಗಳನ್ನಷ್ಟೇ ಎಣಿಸಿ ಉಪಕರಣಗಳನ್ನು ಮರೆಯುವ ವಿಜ್ಞಾನೇತಿಹಾಸವು ಅಪೂರ್ಣವೆಂದು ನಾವು ಭಾವಿಸುತ್ತೇವೆ. ಹೋಲಿಸಲು ಹಳೆಯ ದಾಖಲೆಯಿಲ್ಲದಿದ್ದರೆ ಆಕಾಶದ ಬದಲಾವಣೆಯೂ ತಿಳಿಯದು, ನಮ್ಮೂರ ಶಾಸನದ ಸವಕಳಿಯೂ ತಿಳಿಯದು.