ತಿರುಗಾಟದ ವ್ಯವಹಾರಸ್ಥರಿಗೆ ಮಡಚುವ ಲ್ಯಾಪ್‌ಟಾಪ್: ಕೊಳ್ಳುವ ಮೊದಲು ತಿಳಿದಿರಬೇಕಾದ ಸಂಗತಿಗಳು

ಊರೂರು ತಿರುಗಿ ವ್ಯವಹಾರ ಮಾಡುವವರ ಕೈಚೀಲದಲ್ಲಿ ಹಿಂದೆ ರಸೀತಿ ಪುಸ್ತಕ, ಲೆಕ್ಕದ ಪುಸ್ತಕ, ಕಾರ್ಬನ್ ಹಾಳೆ ಇರುತ್ತಿದ್ದವು. ಈಗ ಆ ಜಾಗಕ್ಕೆ ಲ್ಯಾಪ್‌ಟಾಪ್ ಬಂದಿದೆ. ಖರೀದಿ ಪ್ರತಿನಿಧಿಗಳು, ಲೆಕ್ಕ ಪರಿಶೋಧಕರು, ವಿಮೆಯವರು, ಯಂತ್ರೋಪಕರಣ ಮಾರುವವರು ಮುಂತಾದವರಲ್ಲಿ ನಮ್ಮ ಸದಸ್ಯರ ಮನೆಯ ಮಕ್ಕಳೂ ಇದ್ದಾರೆ. ಕುಳಿತಾಗ ಲ್ಯಾಪ್‌ಟಾಪ್, ನಿಂತಾಗ ಸ್ಲೇಟು ಎಂಬಂತೆ ಎರಡು ರೀತಿಯಲ್ಲಿ ಬಳಸಬಹುದಾದ 'ಟು-ಇನ್-ಒನ್' ಯಂತ್ರಗಳ ಬೆಲೆ, ಅದೇ ಶಕ್ತಿಯ ಸಾಧಾರಣ ಲ್ಯಾಪ್‌ಟಾಪಿಗಿಂತ ಸಾಮಾನ್ಯವಾಗಿ ಹೆಚ್ಚು. ಆ ಹೆಚ್ಚಿನ ಹಣ ಯಾತಕ್ಕೆ, ಅದು ಯಾರಿಗೆ ಪ್ರಯೋಜನ, ಯಾರಿಗೆ ದಂಡ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಹಿನ್ನೆಲೆ

ಲೇಖನಿಯಿಂದ ಬರೆಯುವ ಕಂಪ್ಯೂಟರ್ ಹೊಸತೇನಲ್ಲ. ಅಮೆರಿಕದ ಗ್ರಿಡ್ ಸಿಸ್ಟಮ್ಸ್ ಕಂಪೆನಿಯ 'ಗ್ರಿಡ್‌ಪ್ಯಾಡ್' 1989ರಲ್ಲಿಯೇ ಮಾರುಕಟ್ಟೆಗೆ ಬಂದಿತ್ತು. 2001ರಲ್ಲಿ ಮೈಕ್ರೋಸಾಫ್ಟಿನ ಬಿಲ್ ಗೇಟ್ಸ್, ಇನ್ನು ಐದು ವರ್ಷಗಳಲ್ಲಿ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾಗುವುದು ಇಂಥ ಕಂಪ್ಯೂಟರುಗಳೇ ಎಂದು ಭವಿಷ್ಯ ನುಡಿದರು. 2002ರ ನವೆಂಬರಿನಲ್ಲಿ ಇದಕ್ಕೆಂದೇ ವಿಂಡೋಸ್ ಎಕ್ಸ್‌ಪಿಯ ಪ್ರತ್ಯೇಕ ಆವೃತ್ತಿಯೂ ಬಂತು. ಆದರೆ ಮಾತು ನಿಜವಾಗಲಿಲ್ಲ. ಯಂತ್ರ ಭಾರ, ಬೆಲೆ ದುಬಾರಿ, ಬ್ಯಾಟರಿ ಅಲ್ಪಾಯು. ತಂತ್ರಾಂಶಗಳೆಲ್ಲ ಮೌಸ್ ಹಿಡಿದವರಿಗಾಗಿಯೇ ರಚಿತವಾಗಿದ್ದವು. 2010ರ ಐಪ್ಯಾಡ್ ಜನರಿಗೆ ಬೆರಳಿನ ಬಳಕೆಯನ್ನು ರೂಢಿ ಮಾಡಿಸಿತು. 2012ರಲ್ಲಿ ವಿಂಡೋಸ್ 8 ಬಂದ ಮೇಲೆ ಈ ಜಾತಿಯ ಯಂತ್ರಗಳು ಮತ್ತೆ ಚಿಗುರಿದವು.

ಎರಡು ಬಗೆಗಳು

1. ಪೂರ್ತಿ ಮಡಚುವಂಥದು: ಇದರ ತಿರುಗಣೆ 360 ಡಿಗ್ರಿ ತಿರುಗುತ್ತದೆ. ಪರದೆಯನ್ನು ಹಿಂದಕ್ಕೆ ಮಡಚಿದಾಗ ಕೀಲಿಮಣೆ ಅಡಿಗೆ ಹೋಗುತ್ತದೆ. ಒಳಗಿನ ಸಂವೇದಕಗಳು ಇದನ್ನು ಗುರುತಿಸಿ ಕೀಲಿಗಳನ್ನು ತಾವಾಗಿ ನಿಷ್ಕ್ರಿಯಗೊಳಿಸುತ್ತವೆ. ತೊಡೆಯ ಮೇಲಿಟ್ಟು ಟೈಪ್ ಮಾಡಲು ಇದು ಗಟ್ಟಿ. ಆದರೆ ಕೀಲಿಮಣೆಯ ಭಾರವೂ ಸದಾ ಕೈಯ ಮೇಲೆಯೇ ಇರುತ್ತದೆ.

2. ಕಳಚುವಂಥದು: ಕೀಲಿಮಣೆಯನ್ನು ಬೇರ್ಪಡಿಸಿ ಪರದೆಯನ್ನಷ್ಟೇ ಒಯ್ಯಬಹುದು. ಬ್ಯಾಟರಿಯೂ ಮುಖ್ಯ ಭಾಗಗಳೂ ಪರದೆಯ ಹಿಂದೆಯೇ ಇರುವುದರಿಂದ ತೊಡೆಯ ಮೇಲೆ ನಿಲ್ಲುವುದು ಕಷ್ಟ. ಕೆಲವು ಮಾದರಿಗಳಲ್ಲಿ ಕೀಲಿಮಣೆಗೆ ಪ್ರತ್ಯೇಕ ಬೆಲೆ ತೆರಬೇಕು. ಆದಕಾರಣ ದರ ಕೇಳುವಾಗ ಕೀಲಿಮಣೆ, ಲೇಖನಿ ಸೇರಿ ಎಷ್ಟೆಂದು ಕೇಳತಕ್ಕದ್ದು.

ಬೆರಳು ಮತ್ತು ಲೇಖನಿ

ಬೆರಳು ವಿದ್ಯುತ್‌ವಾಹಕ. ಗಾಜಿನಡಿಯ ಸೂಕ್ಷ್ಮ ಜಾಲದ ವಿದ್ಯುತ್ ಕ್ಷೇತ್ರದಲ್ಲಿ ಬೆರಳು ಉಂಟುಮಾಡುವ ವ್ಯತ್ಯಾಸವನ್ನು ಯಂತ್ರ ಅಳೆಯುತ್ತದೆ. ಮಳೆಹನಿಯೂ ಇಂಥದೇ ವ್ಯತ್ಯಾಸ ತರುವುದರಿಂದ ಒದ್ದೆ ಪರದೆ ಅಡ್ಡಾದಿಡ್ಡಿ ವರ್ತಿಸುತ್ತದೆ. ಮಳೆಗಾಲದಲ್ಲಿ ತಿರುಗುವವರು ಒಣ ಬಟ್ಟೆಯೊಂದನ್ನು ಜೊತೆಗಿಡುವುದು ಒಳ್ಳೆಯದು.

ಲೇಖನಿಗಳಲ್ಲಿ ಕೆಲವಕ್ಕೆ ಬ್ಯಾಟರಿ ಬೇಕು. ಕೆಲವು ಪರದೆಯಡಿಯ ಕ್ಷೇತ್ರದಿಂದಲೇ ಶಕ್ತಿ ಪಡೆಯುತ್ತವೆ. ಒಂದು ಪದ್ಧತಿಯ ಲೇಖನಿ ಇನ್ನೊಂದು ಪದ್ಧತಿಯ ಯಂತ್ರದಲ್ಲಿ ಬರೆಯದು. ಕಳೆದುಹೋದರೆ ಬದಲಿ ಲೇಖನಿ ಸುಲಭವಾಗಿ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಬೇಕು.

ಬ್ಯಾಟರಿಯ ಲೆಕ್ಕ

ಜಾಹೀರಾತಿನ ಗಂಟೆಗಳನ್ನು ನಂಬುವುದಕ್ಕಿಂತ ನಾವೇ ಲೆಕ್ಕ ಹಾಕುವುದು ಲೇಸು. ಬ್ಯಾಟರಿಯ ಸಾಮರ್ಥ್ಯವನ್ನು ವ್ಯಾಟ್-ಅವರ್‌ನಲ್ಲಿ ಹೇಳುತ್ತಾರೆ. 50 ವ್ಯಾಟ್-ಅವರ್ ಬ್ಯಾಟರಿಯ ಯಂತ್ರ ಸರಾಸರಿ 8 ವ್ಯಾಟ್ ಬಳಸಿದರೆ ಸುಮಾರು ಆರು ಗಂಟೆ ನಡೆಯುತ್ತದೆ. ಬಿಸಿಲಿನಲ್ಲಿ ಪರದೆಯ ಬೆಳಕು ಏರಿಸಿ 12 ವ್ಯಾಟ್ ಆದರೆ ನಾಲ್ಕು ಗಂಟೆಯಷ್ಟೇ. ಯುಎಸ್‌ಬಿ-ಸಿ ಮೂಲಕ ಚಾರ್ಜ್ ಆಗುವ ಯಂತ್ರವಾದರೆ ತಕ್ಕ ಶಕ್ತಿಯ ಪವರ್ ಬ್ಯಾಂಕಿನಿಂದಲೂ ಕೆಲಸ ಸಾಗೀತು. ವಿಮಾನ ಪ್ರಯಾಣದಲ್ಲಿ 100 ವ್ಯಾಟ್-ಅವರ್ ಮೀರಿದ ಬ್ಯಾಟರಿಗೆ ವಿಮಾನ ಕಂಪೆನಿಯ ಅನುಮತಿ ಬೇಕು. ಪವರ್ ಬ್ಯಾಂಕನ್ನು ಕೈಚೀಲದಲ್ಲಿಯೇ ಒಯ್ಯತಕ್ಕದ್ದು.

ರುಜುವಿನ ವಿಚಾರ

ಗಿರಾಕಿಯಿಂದ ಪರದೆಯ ಮೇಲೆಯೇ ರುಜು ಪಡೆಯಬಹುದೆಂಬುದು ಈ ಯಂತ್ರದ ದೊಡ್ಡ ಆಕರ್ಷಣೆ. ಇಲ್ಲಿ ಎಚ್ಚರ ಅಗತ್ಯ. ಗಾಜಿನ ಮೇಲೆ ಗೀಚಿದ ರುಜು ಸಾಮಾನ್ಯವಾಗಿ ಒಂದು ಚಿತ್ರವಷ್ಟೇ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆ ಹೇಳುವ ಡಿಜಿಟಲ್ ಸಹಿಯೇ ಬೇರೆ; ಪ್ರಮಾಣಪತ್ರದೊಡನೆ ಬರುವ ಗುಪ್ತ ಕೀಲಿಯಿಂದ ಅದನ್ನು ಮಾಡಲಾಗುತ್ತದೆ. ಮಾಲು ತಲುಪಿದ್ದಕ್ಕೆ ಗುರುತಾಗಿ ಗೀಚಿದ ರುಜು ಸಾಲಬಹುದು. ದೊಡ್ಡ ಮೊತ್ತದ ಕರಾರಾದರೆ ಕಾಗದದ ಮೇಲೆ ಅಥವಾ ಕ್ರಮಬದ್ಧ ಡಿಜಿಟಲ್ ಸಹಿಯಿಂದ ಮಾಡಿಸಿ, ಸಂಶಯವಿದ್ದಲ್ಲಿ ವಕೀಲರನ್ನು ಕೇಳಬೇಕು. ಉಯಿಲಿಗಂತೂ ಈ ಕಾಯಿದೆ ಅನ್ವಯಿಸುವುದೇ ಇಲ್ಲ.

ಯಂತ್ರ ಕಳೆದುಹೋದರೆ

ಬಸ್ಸಿನಲ್ಲಿ ಮರೆತ ಯಂತ್ರದ ಬೆಲೆ ಹೇಗೋ ತುಂಬಿಕೊಳ್ಳಬಹುದು. ಅದರೊಳಗಿನ ಗಿರಾಕಿಗಳ ಖಾತೆ ವಿವರ ಪರರ ಕೈಸೇರಿದರೆ? ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಆದ್ದರಿಂದ ಕಡತಗಳನ್ನು ಗೂಢಲಿಪಿಯಲ್ಲಿಡುವ ವ್ಯವಸ್ಥೆಯನ್ನು ಮೊದಲ ದಿನವೇ ಚಾಲೂ ಮಾಡಿ, ಅದರ ಮರುಪ್ರಾಪ್ತಿ ಸಂಖ್ಯೆಯನ್ನು ಕಾಗದದಲ್ಲಿ ಬರೆದು ಮನೆಯ ಕಪಾಟಿನಲ್ಲಿಡಬೇಕು. ಆ ಸಂಖ್ಯೆ ಕಳೆದರೆ ಯಂತ್ರ ಕೈಯಲ್ಲಿದ್ದರೂ ಒಳಗಿನದು ಸ್ವಂತ ಮಾಲೀಕನಿಗೂ ಸಿಗದೆ ಹೋಗಬಹುದು. ವಾರಕ್ಕೊಮ್ಮೆಯಾದರೂ ಕಡತಗಳ ನಕಲು ಬೇರೆಡೆ ಇರಲಿ.

ಯಾರಿಗೆ ಬೇಕು, ಯಾರಿಗೆ ಬೇಡ

ನಿಂತುಕೊಂಡೇ ಫಾರಂ ತುಂಬಿಸುವವರಿಗೆ, ನಕ್ಷೆಯ ಮೇಲೆ ಗುರುತು ಹಾಕುವವರಿಗೆ, ಎದುರಿನವರಿಗೆ ಚಿತ್ರ ತೋರಿಸಿ ವ್ಯಾಪಾರ ಕುದುರಿಸುವವರಿಗೆ ಇದು ಉಪಯುಕ್ತ. ದಿನವಿಡೀ ಮೇಜಿನೆದುರು ಅಂಕಿ ಅಂಶ ತುಂಬುವವರಿಗೆ ಸಾಧಾರಣ ಲ್ಯಾಪ್‌ಟಾಪೇ ಸಾಕು. ಉಳಿದ ಹಣದಲ್ಲಿ ಹೆಚ್ಚಿನ ಮೆಮೊರಿ ಪಡೆಯಬಹುದು. ಅನೇಕ ತೆಳು ಯಂತ್ರಗಳಲ್ಲಿ ಮೆಮೊರಿಯನ್ನು ಬೆಸುಗೆ ಹಾಕಿರುವುದರಿಂದ ಅನಂತರ ಹೆಚ್ಚಿಸಲು ಬರುವುದಿಲ್ಲ.

ಹಳೆಯ ಯಂತ್ರವನ್ನು ಅಗ್ಗಕ್ಕೆ ಕೊಳ್ಳುವವರು ಒಂದು ಸಂಗತಿ ಗಮನಿಸಬೇಕು. ವಿಂಡೋಸ್ 10ಕ್ಕೆ ಕಂಪೆನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಹಾಕಲು ಯಂತ್ರ ಅರ್ಹವೇ ಎಂದು ಖಚಿತಪಡಿಸಿಕೊಳ್ಳದೆ ಹಣ ಕೊಡಬಾರದು.

ಕೊನೆಯದಾಗಿ, ಅಂಗಡಿಯಲ್ಲಿ ಯಂತ್ರವನ್ನು ಮಡಚಿ ಎಡಗೈಯಲ್ಲಿ ಹತ್ತು ನಿಮಿಷ ಹಿಡಿದು, ಬಲಗೈಯಲ್ಲಿ ಒಂದು ಪುಟ ಬರೆದು ನೋಡಿ. ತಿರುಗಣೆ ಸಡಿಲವಿದೆಯೇ, ಗಾಜು ಒಡೆದರೆ ರಿಪೇರಿಗೆ ಎಷ್ಟು ಖರ್ಚು, ಹತ್ತಿರದ ಸೇವಾ ಕೇಂದ್ರ ಯಾವ ಊರಿನಲ್ಲಿದೆ ಎಂದು ಕೇಳಿ ಬರೆದುಕೊಳ್ಳಿ. ಈ ಮೂರಕ್ಕೂ ಸಮಾಧಾನಕರ ಉತ್ತರ ದೊರೆತ ಮೇಲೆಯೇ ಬೆಲೆಯ ಮಾತು ಆಡಬೇಕು.